ಬ್ಯಾರನ್ನಿನ ಬೆಚ್ಚಗಿನ ಗೋಡೆ

ಹೋದ ವಾರ ಹುಣಸೂರಿನಿಂದ ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಹೊರಗೆ ಸೋನೆ ಹಿಡಿದಿತ್ತು. ನಡುದಾರಿಯಲ್ಲಿ ಹತ್ತಿದ ರೈತನೊಬ್ಬ ನನ್ನ ಮುಂದಿನ ಸೀಟಿನಲ್ಲಿ ಕೂತ. ಅವನ ಅಂಗಿಯಿಂದ ಹೊಗೆಸೊಪ್ಪಿನ ವಾಸನೆ ಬಂತು. ಬೀಡಿ ಸಿಗರೇಟಿನ ನಾತವಲ್ಲ, ಬ್ಯಾರನ್ನಿನಲ್ಲಿ ಹದವಾಗಿ ಬೆಂದ ಸೊಪ್ಪಿನ ವಾಸನೆ. ಸ್ವಲ್ಪ ಬೆಲ್ಲದ ಪಾಕದ ಹಾಗೆ, ಸ್ವಲ್ಪ ಒಣಹುಲ್ಲಿನ ಹಾಗೆ, ಕೊನೆಗೆ ಗಂಟಲಿನಲ್ಲಿ ಒಂದಿಷ್ಟು ಘಾಟು... ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಮುಂದಕ್ಕೆ ಬಗ್ಗಿ ಇನ್ನೊಂದು ಸಲ ಉಸಿರೆಳೆದುಕೊಂಡೆ. ಒಂದು ಮಳೆಗಾಲವಿಡೀ ನಮ್ಮೂರಿನ ಎಳೆಮಕ್ಕಳ ಮೈಯಲ್ಲೂ ಇದೇ ವಾಸನೆ ಇತ್ತು. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ದೊಡ್ಡವ್ವ.

ಅವಳು ನನಗೆ ನೆಂಟಳಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದವಳು, ಅಂಗನವಾಡಿ ಟೀಚರು. ಬಂದಾಗಿನಿಂದ ಊರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿತ್ತು, ನಾನೂ ಅಂದೆ. ಗಂಡ ಸತ್ತ ಮೇಲೆ ಮೈದುನನ ಜೊತೆ ಪಾಲಿನಲ್ಲಿ ಒಂದು ಬ್ಯಾರನ್ ನಡೆಸುತ್ತಿದ್ದಳು. ನಮ್ಮ ಕಡೆ ಇದು ಗೊತ್ತಿಲ್ಲದವರಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕಟ್ಟಡ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಒಳಗೆ ನೆಲದ ಮೇಲಿನ ದಪ್ಪ ತಗಡಿನ ಪೈಪುಗಳು ಕಾಯುತ್ತವೆ. ಮೇಲೆ ಸಾಲುಸಾಲಾಗಿ ಕೋಲುಗಳಿಗೆ ಕಟ್ಟಿದ ಹಸಿ ಹೊಗೆಸೊಪ್ಪು ಆ ಬಿಸಿಗೆ ಮೊದಲು ಹಳದಿಯಾಗಿ, ಆಮೇಲೆ ಒಣಗುತ್ತದೆ. ಅಲ್ಲಿಯವರೆಗೆ ಒಲೆ ಆರಬಾರದು, ಬಾಗಿಲು ತೆಗೆಯಬಾರದು. ನಡುವೆ ತೆಗೆದರೆ ಸೊಪ್ಪು ಕಪ್ಪಾಗಿ ತಿಪ್ಪೆಗೆ ಹೋಗುತ್ತದೆ.

ದೊಡ್ಡವ್ವನ ಬಾಯಿ ಒಳ್ಳೆಯದಿರಲಿಲ್ಲ, ಕೈ ಅದಕ್ಕಿಂತ ಬಿಗಿ. ಒಂದು ಸಲ ಒಲೆಗೆ ಎರಡು ಸೀಳು ಸೌದೆ ಕೇಳಿದ್ದೆ. ‘ಸೌದೆ ನಿಂಗ್ ಕೊಟ್ಬುಟ್ಟು ನಾನು ಸೊಪ್ಪ ಏನ್ ನನ್ ಕ್ವಾಪದಲ್ಲಿ ಬೇಯಿಸ್ಲಾ, ಅಮ್ಮಿ?’ ಅಂದಳು. ಅವಳ ಸಿಟ್ಟಿಗೆ ಒಂದು ಬ್ಯಾರನ್ ಸೊಪ್ಪು ಬೇಯುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಸತ್ತವರನ್ನೆಲ್ಲ ದೇವರು ಮಾಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೆಳಗಿನ ಬೀದಿಯಿಂದ ಸೊಪ್ಪು ಕಟ್ಟಲು ಬರುವ ಹೆಂಗಸರಿಗೆ ಅವಳೂ ಎಲ್ಲರಂತೆ ಎತ್ತಿ ಬೊಗಸೆಗೇ ನೀರು ಹೊಯ್ಯುತ್ತಿದ್ದಳು. ನಮ್ಮ ಮೇಲಿನ ಬೀದಿಯ ಜಗಲಿಗಳ ಮೇಲೆ ಅವರು ಕೂರುವ ಹಾಗಿರಲಿಲ್ಲ. ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ತಗ್ಗಿನ ಜಾಗ ಯಾರದ್ದಾಗಿರುತ್ತದೆ ಎಂಬುದಕ್ಕೂ ಅದೇ ಕಾರಣ. ಲಕ್ಷ್ಮಣತೀರ್ಥ ಹೊಳೆಗೆ ಅಂಟಿಕೊಂಡದ್ದು ಕೆಳಗಿನ ಬೀದಿ. ನನ್ನ ಅಂಗನವಾಡಿಯನ್ನೂ ಅಲ್ಲೇ ಕಟ್ಟಿದ್ದರು, ಬೇರೆ ಯಾರೂ ಜಾಗ ಬಿಡಲಿಲ್ಲವಲ್ಲ!

ಆರೇಳು ವರ್ಷದ ಹಿಂದಿನ ಆ ಮಳೆಗಾಲ, ಶ್ರಾವಣದಲ್ಲಿ ನಮ್ಮಲ್ಲಿ ಸುರಿದದ್ದು ಬರೀ ಸೋನೆ. ನಿಜವಾದ ಮಳೆ ಹೊಯ್ದದ್ದು ಮೇಲೆ ಕೊಡಗಿನಲ್ಲಿ. ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದವರು ಹೊಳೆಯ ಸದ್ದು ಬೇರೆ ಥರ ಇದೆ ಎಂದರು. ಅವರು ಕ್ಯಾನು ಹಿಡಿದು ಹಿಂದಿರುಗುವಷ್ಟರಲ್ಲಿ ಕೆಳಗಿನ ಬೀದಿಯೊಳಗೆ ಮೊಣಕಾಲುದ್ದ ಕೆಂಪು ನೀರು. ನೋಡುತ್ತಿದ್ದಂತೆ ಸೊಂಟಕ್ಕೆ ಬಂತು. ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದು ಕೂತವು. ನನ್ನ ತಲೆಯಲ್ಲಿದ್ದದ್ದು ಒಬ್ಬಳೇ. ಹೆತ್ತು ಎರಡು ವಾರವೂ ಆಗದ ಬಾಣಂತಿ. ಚೊಚ್ಚಲು, ಹೆಣ್ಣುಮಗು, ತೂಕ ಕಡಿಮೆ. ಅವಳ ಗಂಡ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಮಗುವನ್ನು ನಾನು ಅಂಗನವಾಡಿಯ ಅನ್ನದ ಪಾತ್ರೆಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ತಂದೆ.

ತಂದದ್ದೇನೋ ಆಯಿತು, ಇಡುವುದೆಲ್ಲಿ? ನಮ್ಮದು ಸೋರುವ ಪುಟ್ಟ ಮನೆ. ಅದರೊಳಗೆ ಆಗಲೇ ಕೆಳಗಿನ ಬೀದಿಯ ಮಕ್ಕಳನ್ನು ತುಂಬಿದ್ದೆ. ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. ಸೌದೆ ನೆನೆದು ಒಲೆ ಹತ್ತುತ್ತಿರಲಿಲ್ಲ. ಬಾಣಂತಿಯ ಹಲ್ಲು ಕಟಕಟ ಎನ್ನುತ್ತಿತ್ತು. ಮಗು ಅಳುವುದನ್ನು ನಿಲ್ಲಿಸಿತ್ತು... ಮಕ್ಕಳು ಅತ್ತರೆ ನನಗೆ ಹೆದರಿಕೆಯಿಲ್ಲ, ಚಳಿಯಲ್ಲಿ ಸುಮ್ಮನಾದರೆ ಕೈಕಾಲು ಆಡುವುದಿಲ್ಲ. ಹುಣಸೂರಿಗೆ ಕರೆದೊಯ್ಯೋಣವೆಂದರೆ ಸೇತುವೆ ನೀರಿನಡಿ ಮುಳುಗಿತ್ತು. ಮೇಲಿನ ಬೀದಿಯವರು ಅರ್ಧ ಬಾಗಿಲು ತೆರೆದು ‘ಅಯ್ಯೋ ಪಾಪ’ ಅನ್ನುತ್ತಿದ್ದರು. ಇನ್ನರ್ಧ ತೆರೆಯಲು ಯಾರಿಗೂ ಕೈ ಬರಲಿಲ್ಲ.

ಊರಿನಲ್ಲಿ ಆಗ ಬೆಚ್ಚಗಿದ್ದದ್ದು ಒಂದೇ, ದೊಡ್ಡವ್ವನ ಬ್ಯಾರನ್ನಿನ ಗೋಡೆ. ಯಾರು ಮೊದಲು ಹೋದರೋ ಗೊತ್ತಿಲ್ಲ. ನಾನು ಮಗುವಿದ್ದ ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಣಂತಿಯನ್ನು ಕೈಹಿಡಿದು ನಡೆಸಿಕೊಂಡು ಹೋಗುವಾಗ ಕೆಳಗಿನ ಬೀದಿಯವರೆಲ್ಲ ಆ ಗೋಡೆಗೆ ಬೆನ್ನು ಹಚ್ಚಿ, ಸೂರಿನ ಕೆಳಗೆ, ಹಸುವಿನ ಮಗ್ಗುಲಿಗೆ ಒರಗಿದ ಕರುಗಳ ಹಾಗೆ ನಿಂತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಗೋಡೆಯ ಹೊರಗಿನ ಬಿಸಿ ಯಾರಪ್ಪನ ಸ್ವತ್ತೂ ಅಲ್ಲ ಎಂದುಕೊಂಡಿದ್ದರು. ದೊಡ್ಡವ್ವನ ಮೈದುನನಿಗೆ ಅದೂ ತಡೆಯಲಿಲ್ಲ.

‘ಗ್ವಾಡೆ ಬುಟ್ಟು ದೂರ ನಿಂತ್ಕಳ್ರಲಾ! ಒಳಗೆ ಸೊಪ್ಪದೆ’ ಎಂದು ಕೂಗುತ್ತ ಬಂದರು.

ಮೈ ತಗುಲಿದರೆ ಗೋಡೆ ಕರಗುವುದಿಲ್ಲ, ಸೊಪ್ಪಿಗೇನೂ ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಜನ ಒಬ್ಬೊಬ್ಬರಾಗಿ ಗೋಡೆ ಬಿಟ್ಟು ಮಳೆಗೆ ಸರಿದರು. ಬಾಣಂತಿಯೂ ಸರಿದಳು! ನನ್ನ ಕೈಯಿಂದ ಕೈ ಬಿಡಿಸಿಕೊಂಡು, ತಲೆ ತಗ್ಗಿಸಿ, ತಪ್ಪು ಮಾಡಿದವಳ ಹಾಗೆ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ದೊಡ್ಡವ್ವ ಎದ್ದಳು. ಬಾಣಂತಿಯನ್ನು ನೋಡಿದಳು, ಪಾತ್ರೆಯೊಳಗಿನ ಮಗುವನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಮೇಲೆ ಎಗರಿದಳು. ‘ಬಾಣ್ತೀನ ಮಳೇಲಿ ನಿಲ್ಸ್ಕಂಡು ಏನ್ ನೋಡ್ತಾ ಇದ್ದೀಯಮ್ಮಿ? ನಿಂಗ್ ಸರ್ಕಾರ ಸಂಬಳ ಕೊಡಾದು ಇದ್ಕೇಯಾ?’ ಎಂದವಳೇ ಬ್ಯಾರನ್ನಿನ ಬಾಗಿಲ ಅಗುಳಿಗೆ ಕೈ ಹಾಕಿದಳು.

ಮೈದುನ ಓಡಿಬಂದು ಅಡ್ಡ ನಿಂತರು. ‘ಅತ್ಗೆ, ಸೊಪ್ಪು ಈಗ ತಾನೆ ಹಳದಿ ತಿರುಗ್ತಾ ಅದೆ. ತಗುದ್ರೆ ಅಷ್ಟೂ ಹಾಳು. ನಂಗೂ ಪಾಲದೆ ಇದ್ರಲ್ಲಿ.’

‘ನಿನ್ ಪಾಲಿನ್ ಸೊಪ್ಪ ನೀನು ಹೊತ್ಕಂಡೋಗು ಕಣಪ್ಪ. ನನ್ ಪಾಲಿನ್ ಬಿಸಿ ನಂಗೆ ಬೇಕು, ಇವ್ರ ಬಟ್ಟೆ ನೇತಾಕಾಕೆ.’

‘ಅವ್ರ ಬಟ್ಟೆ ಬರೆ ಎಲ್ಲಾ ಇದ್ರೊಳಕ್ಕಾ? ನಾಳೆ ನಮ್ಮೋರ್ಗೆ ಏನಂತ ಏಳ್ತೀಯ?’

‘ಒಣಗ್ದೋ ಅಂತ ಏಳ್ತೀನಿ.’

ಅಗುಳಿ ತೆಗೆದೇಬಿಟ್ಟಳು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಒಂದು ಇಡೀ ಬ್ಯಾರನ್ ಸೊಪ್ಪು, ನಾಟಿ ಮಾಡಿದ ದಿನದಿಂದ ಅವಳು ಮಗುವಿನಂತೆ ಸಾಕಿದ್ದು, ಕೋಲುಕೋಲಾಗಿ ಕೆಳಗಿಳಿದು ಕೆಸರಿನ ಮೇಲೆ ಬಿತ್ತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದಳು. ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮೈದುನನನ್ನೂ ಹೊಳೆಯನ್ನೂ ಒಂದೇ ಉಸಿರಿನಲ್ಲಿ ಬೈದು, ಎಸೆದಳು.

ಸೊಪ್ಪು ನೇತಿದ್ದ ಕೋಲುಗಳಿಗೆ ಕೆಳಗಿನ ಬೀದಿಯ ಸೀರೆ, ಲುಂಗಿ, ಕೌದಿ, ಮಕ್ಕಳ ಯೂನಿಫಾರಂ ಏರಿದವು. ಒಣಗುವ ತನಕ ಜನರೆಲ್ಲ ಸೊಪ್ಪು ಕಟ್ಟುವ ಕೊಟ್ಟಿಗೆಯಲ್ಲಿ ಗೋಣಿತಾಟು ಸುತ್ತಿಕೊಂಡು ಕೂತರು. ಬಾಣಂತಿಯನ್ನು ಘಾಟಿರುವ ಒಳಗೆ ಬಿಡಲಿಲ್ಲ. ಒಲೆಯ ಪಕ್ಕದ ಚಪ್ಪರದಲ್ಲಿ, ಬೆಂಕಿ ಕಾಯುವವರು ಮಲಗುವ ಮಂಚದ ಮೇಲೆ, ಬೆನ್ನಿಗೆ ಆ ಗೋಡೆ ಸಿಗುವ ಹಾಗೆ ಕೂರಿಸಿದಳು. ತನ್ನ ಕಂಬಳಿಯನ್ನೇ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಮಗು ಒಂದು ಸಲ ಕೈಯಾಡಿಸಿತು, ಆಮೇಲೆ ಕಿರ್ರೆಂದು ಅತ್ತಿತು. ನಾನೂ ಅತ್ತೆ. ‘ನೀನ್ಯಾಕಮ್ಮಿ ಅಳ್ತೀಯ, ನಿಂಗೂ ಹಾಲು ಕುಡಿಸ್ಬೇಕಾ?’ ಎಂದು ಗದರಿದಳು ದೊಡ್ಡವ್ವ.

ಕಾಯ್ದ ಪೈಪಿನ ಮೇಲೆ ಬಟ್ಟೆ ಬಿದ್ದರೆ ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬೇರೆ ಯಾರನ್ನೂ ಬಾಗಿಲ ಹತ್ತಿರ ಬಿಡದೆ ತಾನೇ ಕಾದಳು. ಮರುದಿನ ಮಗುವಿನದೇ ಒಂದು ತುಂಡು ಬಟ್ಟೆ ಜಾರಿ ಬಿದ್ದು ಹೊಗೆಯಾಡಿತು. ನುಗ್ಗಿ ಬರಿಗೈಯಲ್ಲೇ ಎಳೆದು ಹೊರಕ್ಕೆಸೆದಳು. ಅಂಗೈ ಬೊಬ್ಬೆ ಬಂತು. ಆ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡೇ, ಬಟ್ಟೆ ಸಡಿಲವಾಗಿ ಕಟ್ಟಿದವರ ವಂಶಾವಳಿಯನ್ನೆಲ್ಲ ಜಾಲಾಡಿದಳು. ಕಟ್ಟಿದವಳು ನಾನೇ ಎಂದು ಅವಳಿಗೆ ಗೊತ್ತಿತ್ತು.

ಸೇತುವೆಯ ಮೇಲಿನ ನೀರು ಇಳಿದದ್ದೇ ತಡ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನೆರವಿನ ಗಾಡಿಗಳು ಬಂದವು. ಎಲ್ಲಿಂದಲೋ ಬಂದ ಹುಡುಗರ ಗುಂಪೊಂದು ಲಾರಿಯ ಮೇಲೆ ನಿಂತು ಬ್ರೆಡ್ಡು, ಹಳೆಯ ಬಟ್ಟೆ ಎಸೆಯತೊಡಗಿತು. ಕೆಳಗೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ದೊಡ್ಡವ್ವ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಲಾರಿಯ ಮುಂದೆ ಹೋಗಿ ನಿಂತಳು. ‘ಇಳೀರಪ್ಪ ಕೆಳಕ್ಕೆ. ಕಾಳು ಎರಚಾಕೆ ಇಲ್ಲಿ ಯಾರೂ ಕೋಳಿ ಅಲ್ಲ. ಕೊಡಂಗಿದ್ರೆ ಕೈಗ್ ಕೊಡಿ’ ಎಂದಳು. ಇಳಿದರು ಪಾಪ, ಒಳ್ಳೆಯ ಮಕ್ಕಳೇ. ಆಮೇಲೆ ಕೂತು ಅವಳ ಕೈಯ ಮುದ್ದೆ ಉಂಡೇ ಹೋದರು.

ತಾಲ್ಲೂಕು ಕಚೇರಿಯಿಂದ ಬಂದ ಅಧಿಕಾರಿಯೂ ಕೆಟ್ಟವರಲ್ಲ, ನಿಯಮದವರು. ನೆರೆ ಸಂತ್ರಸ್ತರಿಗೆ ಕಾಳಜಿ ಕೇಂದ್ರವೆಂದು ಗೊತ್ತುಮಾಡಿರುವುದು ಹೋಬಳಿಯ ಶಾಲೆ, ಅಕ್ಕಿ ಬೇಳೆ ಅಲ್ಲಿಗೇ ಬರುವುದು, ಎಲ್ಲರೂ ಅಲ್ಲಿಗೇ ಹೊರಡಬೇಕು ಎಂದರು. ಹಸಿ ಬಾಣಂತಿ, ಮುದುಕರು, ಉಳಿದ ದನಕರು ಇವರನ್ನೆಲ್ಲ ಕಟ್ಟಿಕೊಂಡು ಅಷ್ಟು ದೂರ ಹೋಗಿ ಸಿಮೆಂಟು ನೆಲದ ಮೇಲೆ ಮಲಗಬೇಕು.

‘ಬೋರ್ಡು ಎಲ್ಲಿ ನೇತಾಕ್ತೀರೋ ಅದೇ ಕೇಂದ್ರ ತಾನೆ ಸ್ವಾಮಿ?’ ಎಂದು ಕೇಳಿದಳು ದೊಡ್ಡವ್ವ. ‘ಇಲ್ಲೇ ನೇತಾಕ್ಬುಡಿ. ಮೊಳೆ ನಾನ್ ಕೊಡ್ತೀನಿ.’

ಅವರು ನಕ್ಕರು. ಫೋನಿನಲ್ಲಿ ಯಾರ ಜೊತೆಗೋ ಬಹಳ ಹೊತ್ತು ಮಾತಾಡಿದರು. ಮರುದಿನ ಹೊಗೆಸೊಪ್ಪಿನ ಬ್ಯಾರನ್ನಿಗೆ ‘ಕಾಳಜಿ ಕೇಂದ್ರ’ ಎಂಬ ಬ್ಯಾನರು ಬಿತ್ತು, ಅಕ್ಕಿಯೂ ಬಂತು. ಪೇಪರಿನವರು ಫೋಟೋ ತೆಗೆಯುವಾಗ ಬ್ಯಾನರಿನ ಮುಂದೆ ಕೈಕಟ್ಟಿ ನಿಂತವರು ಯಾರು ಅಂದುಕೊಂಡಿರಿ? ಅದೇ ಮೈದುನ.

ಅದಕ್ಕೆ ಅವಳು ತೆತ್ತದ್ದು ಆ ಒಂದು ಬ್ಯಾರನ್ ಸೊಪ್ಪು ಮಾತ್ರವಲ್ಲ. ಆ ಸಲದ ಗೌರಿಹಬ್ಬಕ್ಕೆ ನೆಂಟರಿಷ್ಟರು ಅವಳ ಮನೆಯಲ್ಲಿ ಊಟದ ಎಲೆಗೆ ಕೂರಲು ಬರಲಿಲ್ಲ. ‘ಬರ್ದೆ ಇದ್ರೆ ಒಬ್ಬಟ್ಟು ಉಳೀತದೆ ಬುಡು’ ಎಂದು ನಮ್ಮ ಮನೆಗೂ ಕೆಳಗಿನ ಬೀದಿಗೂ ಹಂಚಿದಳು. ನಗುತ್ತಲೇ ಅಂದಳು, ಆದರೆ ಅಂದು ಸಂಜೆ ಒಬ್ಬಳೇ ಜಗಲಿಯಲ್ಲಿ ಕೂತದ್ದನ್ನು ನಾನು ಕಂಡೆ. ಬೊಗಸೆಗೆ ನೀರು ಹೊಯ್ಯುವುದನ್ನು ಯಾವಾಗ ಬಿಟ್ಟಳೋ ನನಗೆ ತಿಳಿಯಲಿಲ್ಲ. ಒಂದು ದಿನ ನೋಡಿದರೆ ಸೊಪ್ಪು ಕಟ್ಟುವ ಹೆಂಗಸರು ಅವಳ ಲೋಟದಲ್ಲೇ ಕುಡಿಯುತ್ತಿದ್ದರು.

ಎರಡು ಬೇಸಿಗೆಯ ಹಿಂದೆ ಜ್ವರ ಬಂದು ಹೋಗಿಬಿಟ್ಟಳು. ಯಾರಿಗೂ ಹೆಚ್ಚು ಸೇವೆ ಮಾಡಿಸಿಕೊಳ್ಳಲಿಲ್ಲ. ಮಕ್ಕಳಿಲ್ಲದ್ದರಿಂದ ಬ್ಯಾರನ್ ಮೈದುನನಿಗೆ ಸೇರಿತು. ಅದನ್ನು ಕೆಡವಿ, ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿ, ಕಬ್ಬಿಣದ ಗೇಟು ಹಾಕಿಸಿದರು. ಕೆಳಗಿನ ಬೀದಿ ಮಾತ್ರ ಕೆಳಗೇ ಇದೆ. ಎತ್ತರದಲ್ಲಿ ನಿವೇಶನ ಕೊಡುತ್ತೇವೆ ಎಂದವರು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇದ್ದಾರೆ. ಅರ್ಜಿ ಬರೆದುಕೊಡುವ ಕೆಲಸ ನನ್ನದು, ಬರೆಯುತ್ತಲೇ ಇದ್ದೇನೆ, ನಿಲ್ಲಿಸುವುದಿಲ್ಲ.

ಈ ಸಲ ಶ್ರಾವಣ ಹುಟ್ಟಿದ ಮೇಲೆ ಹೊಳೆ ಮತ್ತೆ ಬಂತು. ಬೆಳಿಗ್ಗೆಯೇ ಕೆಳಗಿನ ಬೀದಿಯವರು ಗಂಟುಮೂಟೆ ಹೊತ್ತು ಮೇಲೆ ಬಂದರು. ಈ ಸಲ ಸೂರಿನ ಕೆಳಗೆ ಯಾರೂ ನಿಲ್ಲಲಿಲ್ಲ, ನೆಟ್ಟಗೆ ಆ ಗೇಟಿನ ಮುಂದೆ ನಿಂತರು. ಮುಂದಿದ್ದವಳು ಅಂದಿನ ಬಾಣಂತಿ, ಪಕ್ಕದಲ್ಲಿ ಅವಳ ಮಗಳು. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಮಾತಿನಲ್ಲಿ ಪಟಾಕಿ.

ಮೈದುನ ವರಾಂಡದಿಂದಲೇ ಹೇಳಿದರು, ‘ಸ್ಕೂಲ್ ತಾವ್ಕೆ ಓಗಿ. ಅಲ್ಲಿ ಕೇಂದ್ರ ಮಾಡವ್ರೆ.’

‘ದಾರೀಲಿ ಎದೆಮಟ್ಟ ನೀರದೆ ಅಣ್ಣ. ಇಳುದ್ಮೇಲೆ ಓಯ್ತೀವಿ’ ಎಂದಳು ಅವಳು. ‘ಹೊಳೆ ಬಂದ್ರೆ ನಾವು ಇಲ್ಲಿಗೇ ಬತ್ತೀವಿ ಅಂತ ಗೊತ್ತಿದ್ದೇ ತಾನೆ ನೀವು ಈ ಜಾಗದಲ್ಲಿ ಮನೆ ಕಟ್ಸಿದ್ದು?’

ಹಾಗೆಂದವಳೇ ಗೇಟಿನ ಸಂದಿಯಲ್ಲಿ ಕೈತೂರಿಸಿ ಚಿಲಕ ಸರಿಸಿದಳು. ಒಂದು ಕಾಲದಲ್ಲಿ ಗೋಡೆ ಬಿಟ್ಟು ಮಳೆಗೆ ಸರಿದವಳು! ಮಗಳನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಇಡೀ ಬೀದಿ ಹತ್ತಿತು. ಮೈದುನ ತಡೆಯಲಿಲ್ಲ. ನಾಚಿಕೆಯೋ ಭಯವೋ ಗೊತ್ತಿಲ್ಲ, ನನಗೆ ಬೇಕಾಗಿಯೂ ಇಲ್ಲ. ಮೇಲಿನ ಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅದೇ ಅರ್ಧ ತೆರೆದ ಬಾಗಿಲುಗಳು.

ಈಗ ದೊಡ್ಡವ್ವ ಬೈಯುತ್ತಾಳೆ ಎಂದು ನಾನು ಅಭ್ಯಾಸಬಲದಿಂದ ಒಂದು ಕ್ಷಣ ಕಾದೆ... ಅವಳಿಲ್ಲ. ಆ ಬಾಯಿ ಮಣ್ಣು ಸೇರಿ ಎರಡು ವರ್ಷವಾಗಿದೆ. ಆಮೇಲೆ ಬೀದಿಯ ನಡುವೆ ನಿಂತು ನಾನೇ ಬಾಯಿ ತೆಗೆದೆ. ‘ಏನ್ ನೋಡ್ತಾ ನಿಂತಿದ್ದೀರಿ ಎಲ್ಲಾರೂ? ಬಾಗ್ಲು ಪೂರ್ತಿ ತಗೀರಿ! ಮಕ್ಕಳು ನೆನೀತಾ ಅವ್ರೆ!’