ನಾಲ್ಕನೆಯ ಹಗೇವು

1956ರ ಅಕ್ಟೋಬರ್ ಕೊನೆಯ ವಾರದ ಒಂದು ಬೆಳಗ್ಗೆ ಮೌಲಾಸಾಬರು ಮಸ್ಕಿಯ ಹೊಸ ಶಾಲೆಯ ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು ಕಲ್ಲು ಎಣಿಸುತ್ತಿದ್ದರು. ಕಟ್ಟಡ ಮುಗಿದಿತ್ತು. ಕದ, ಕಿಟಕಿ, ಚಿಲಕ, ಬೀಗದ ಕೈ, ಎಲ್ಲವನ್ನೂ ಕಡತದ ಪಟ್ಟಿಗೆ ತಾಳೆ ನೋಡಿ ಆಗಿತ್ತು. ಉಳಿದದ್ದು ಮೆಟ್ಟಿಲು. ಅಲ್ಲಿ ಅವರ ಕೈ ನಿಂತಿತು.

ಮೆಟ್ಟಿಲಿಗೆ ಹಾಕಿದ್ದ ದುಂಡು ಕಲ್ಲುಗಳು ಹಗೇವಿನ ಮುಚ್ಚಳಗಳು. ನೆಲದೊಳಗೆ ಜೋಳ ತುಂಬಿಡುವ ಆಳದ ಕುಣಿಗೆ ಆ ಸೀಮೆಯಲ್ಲಿ ಹಗೇವು ಎನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ಅಗಲ. ಶಾಲೆ ಎದ್ದಿದ್ದು ಕಲ್ಯಾಣಮ್ಮನ ಮನೆತನದವರು ಬಿಟ್ಟುಕೊಟ್ಟ ಹಳೆಯ ಕಣದ ಮೇಲೆ. ಬುನಾದಿ ತೋಡುವಾಗ ಹಗೇವು ಸಿಕ್ಕಿದ್ದವು. ಕಲ್ಲು, ಗರಸು ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಿದ್ದರು. ಕಡತದಲ್ಲಿ ಬರೆದ ಕುಣಿಗಳು ಮೂರು. ಮೆಟ್ಟಿಲಲ್ಲಿದ್ದ ಮುಚ್ಚಳಗಳು ನಾಲ್ಕು.

ಮೌಲಾಸಾಬರು ಲಿಂಗಸುಗೂರಿನ ಕಟ್ಟಡ ಕಚೇರಿಗೆ ಗುಮಾಸ್ತರಾಗಿ ಸೇರಿದ್ದು 1948ರಲ್ಲಿ. ಮೊದಲು ಉರ್ದುವಿನಲ್ಲಿ ಬರೆಯುತ್ತಿದ್ದವರು ನಲವತ್ತರ ವಯಸ್ಸಿನಲ್ಲಿ ಕನ್ನಡ ಅಕ್ಷರ ತಿದ್ದಿದರು. ತಂದೆ ಗೌಂಡಿ, ಗೋಡೆ ಕಟ್ಟುವವರು. ಹೂತುಹೋದ ಒಂದು ಮೋರಿ ಹುಡುಕಲು ಮೂರು ಮನೆಗಳ ಅಂಗಳ ಅಗೆದ ಕಥೆಯನ್ನು ತಂದೆ ಸಾಯುವ ತನಕ ಹೇಳುತ್ತಿದ್ದರು. ಅದಕ್ಕೇ ಮೌಲಾಸಾಬರು ನಕ್ಷೆಯಲ್ಲಿ ಇರುವುದನ್ನಲ್ಲ, ನೆಲದಲ್ಲಿ ಆದದ್ದನ್ನು ಬರೆಯುತ್ತಿದ್ದರು. ಕಡಿದ ಗಿಡ, ಮುಚ್ಚಿದ ಬಾವಿ, ತಿರುಗಿಸಿದ ಕಾಲುವೆ, ಯಾವುದನ್ನೂ ಬಿಡುತ್ತಿರಲಿಲ್ಲ. ಪ್ರತಿ ಸಾಲಿನ ಕೊನೆಗೆ ‘ಹೇಳಿದವರು’ ಎಂಬ ಒಂದು ಅಂಕಣ. ಅದನ್ನು ಖಾಲಿ ಬಿಟ್ಟವರೇ ಅಲ್ಲ. ಕಚೇರಿಯಲ್ಲಿ ಅದನ್ನು ಕಂಡು ನಗುವವರಿದ್ದರು. ಸಿಂಧನೂರಿನ ಗೋದಾಮಿನ ಗೋಡೆಗೆ ನೀರು ಏರಿದಾಗ, ಮುಚ್ಚಿದ ಬಾವಿ ಎಲ್ಲಿದೆ ಎಂದು ನೋಡಲು ಆ ನಗುವವರೇ ಅವರ ಕಡತ ಬಿಚ್ಚಿದ್ದರು.

ಓವರ್‌ಸಿಯರ್ ಬಸವಂತರಾಯರಿಗೆ ಅವಸರವಿತ್ತು. ನವೆಂಬರ್ ಒಂದಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆ. ಅದರೊಳಗೆ ಹಳೆಯ ಕೆಲಸಗಳ ಕಡತವೆಲ್ಲ ಮುಗಿಯಬೇಕು. ಕಲ್ಲನ್ನು ಯಾರೋ ಹೊಲದಿಂದ ತಂದು ಹಾಕಿರಬಹುದು, ಸಹಿ ಮಾಡಿ ಎಂದರು.

‘ಮುಚ್ಚಳ ನಾಕು, ಗಡಗಿ ಮೂರು ಅಂದ್ರ ನಿಮ್ಮ ಮನ್ಯಾಗ ಅವ್ವಾರು ಸುಮ್ನ ಇರ್ತಾರೇನ್ರೀ, ಸಾಹೇಬ್ರ?’ ಎಂದರು ಮೌಲಾಸಾಬರು.

ಬಸವಂತರಾಯರು ನಗಲಿಲ್ಲ. ಸಹಿ ಇಲ್ಲದ ಕಡತ ಹೊಸ ರಾಜ್ಯಕ್ಕೆ ಹೋದರೆ ಅದರ ಜವಾಬು ನೀವೇ ಹೇಳಬೇಕು ಎಂದು ಬಸ್ಸಿನ ಕಡೆ ನಡೆದರು.

ಮೌಲಾಸಾಬರು ಕಲ್ಯಾಣಮ್ಮನ ಮನೆಗೆ ಹೋದರು. ಎಪ್ಪತ್ತು ದಾಟಿದ ಆಕೆ ಪಡಸಾಲೆಯಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ಹಗೇವಿನ ಮಾತೆತ್ತಿದ ಕೂಡಲೇ ಆಕೆಯ ಬೆರಳು ನಿಂತವು.

‘ಲೆವಿ ಮಂದಿ ಮೂರು ಸಲ ಬಂದು ಕೇಳಿದ್ರೂ ಬಾಯಿ ಬಿಟ್ಟಾಕಿ ಅಲ್ಲ ನಾ. ನೀ ಕಾಗದ ಹಿಡಕೊಂಡು ಬಂದೀ ಅಂತ ಹೇಳ್ಲೇನೋ, ಮೌಲಾ?’

ಅಲ್ಲಿಗೆ ಅರ್ಧ ತಿಳಿದಂತಾಯಿತು. ನಿಜಾಮರ ಕಾಲದಲ್ಲಿ ಲೆವಿ ಎಂದು ಸರಕಾರ ರೈತರ ಕಾಳು ಎಳೆಯುತ್ತಿದ್ದಾಗ ದುಂಡು ಕಲ್ಲು ಕಂಡರೆ ಸಾಕು, ಹಗೇವು ಬಯಲಾಗುತ್ತಿತ್ತು. ಅದಕ್ಕೆ ಒಂದರ ಕಲ್ಲು ತೆಗೆದು ದೂರ ಎಸೆದು, ಬಾಯಿಗೆ ಜಾಲಿ ತೊಲೆ ಅಡ್ಡ ಹಾಕಿ ಮಣ್ಣು ಮುಚ್ಚಿದ್ದರು. ಆಮೇಲೆ ಕಾಳು ತೆಗೆದರೂ ಮತ್ತೆ ಹಾಗೇ ಮುಚ್ಚಿದರು. ಎಸೆದ ಆ ಕಲ್ಲೇ ಗೌಂಡಿಗಳ ಕೈಗೆ ಸಿಕ್ಕಿ ಮೆಟ್ಟಿಲು ಸೇರಿತ್ತು. ಕಣ ಬಿಟ್ಟುಕೊಡುವಾಗಲೂ ಆಕೆ ಮೂರನ್ನಷ್ಟೇ ತೋರಿಸಿದ್ದಳು. ಸರಕಾರದ ಕಾಗದಕ್ಕೆ ಹೆಸರು ಹತ್ತಿದರೆ ಮತ್ತೆ ಲೆವಿ ಬಂದೀತು ಎಂಬ ಭಯ ಆಕೆಗೆ ಇನ್ನೂ ಹೋಗಿರಲಿಲ್ಲ.

ಲೆವಿ ನಿಂತು ವರ್ಷಗಳಾದವು ಎಂದು ಮೌಲಾಸಾಬರು ಸಮಾಧಾನ ಹೇಳಿದರು. ಆಕೆ ನಂಬಲಿಲ್ಲ. ಆಗ ಅವರು ಕಡತ ಮಡಚಿ ಕಂಕುಳಲ್ಲಿಟ್ಟುಕೊಂಡರು.

‘ಕಾಗದದಾಗ ಕುಣಿ ಬರ್ತೈತವ್ವಾ, ನಿನ್ನ ಹೆಸರು ಬರೂದಿಲ್ಲ. ಆದ್ರ ಅದರ ಮ್ಯಾಲ ಹುಡುಗ್ರು ಕುಂತು ಮಗ್ಗಿ ಹೇಳ್ತಾವ.’

ಕಲ್ಯಾಣಮ್ಮ ಹತ್ತಿಯನ್ನು ಬದಿಗೆ ಸರಿಸಿದಳು. ಆಮೇಲೆ ಕೋಲು ಹಿಡಿದು ಎದ್ದಳು.

ಬೇವಿನ ಗಿಡದಿಂದ ಮೂಡಲಕ್ಕೆ ಇಪ್ಪತ್ತೆರಡು ಹೆಜ್ಜೆ. ಆಕೆಗೆ ನೆನಪಿದ್ದದ್ದು ಅಷ್ಟೇ. ಶಾಲೆಗೆ ಬಂದರೆ ಗಿಡವೇ ಇಲ್ಲ. ಎರಡು ವರ್ಷದ ಹಿಂದೆ ಕಡಿದಿದ್ದರು. ಕೋಲೂರಿ ನಿಂತು ಆಕೆ ಕೈಚೆಲ್ಲಿದಳು. ಮೌಲಾಸಾಬರು ಕಡತ ಬಿಚ್ಚಿದರು: ‘ಬೇವಿನ ಗಿಡ ಒಂದು, ಕಡಿದದ್ದು. ಬಾವಿಯ ಕಟ್ಟೆಯಿಂದ ಬಡಗಲಿಗೆ ಹನ್ನೊಂದು ಅಡಿ.’ ಟೇಪು ಹಿಡಿದು ಅಳೆದು, ಆ ಜಾಗದಲ್ಲಿ ತಮ್ಮ ಚಪ್ಪಲಿ ಬಿಟ್ಟರು.

‘ಯಾರ ಹೆಜ್ಜಿ, ಅವ್ವಾ? ಯಜಮಾನರದೇನು?’

‘ಅವ್ರು ಹಾದಿ ಕಾಯಾಕತ್ತಿದ್ರು. ಹೆಜ್ಜಿ ನಂದು.’

ಆಕೆ ಚಪ್ಪಲಿಯ ಬಳಿಯಿಂದ ನಡೆದಳು. ಮೂಡಲ ಕೋಣೆಯ ಬಾಗಿಲು ದಾಟಿದಳು. ವಯಸ್ಸಾಗಿ ಹೆಜ್ಜೆ ಸಣ್ಣದಾಗಿದೆ ಎಂದು ಹೇಳಿ, ಎಣಿಕೆ ಮುಗಿದ ಮೇಲೂ ಮೂರು ಹೆಜ್ಜೆ ಮುಂದೆ ಹೋಗಿ ಕೋಲು ಕುಟ್ಟಿದಳು.

ಗೌಂಡಿ ಮರಿಸ್ವಾಮಿ ಅಲ್ಲಿನ ಹಾಸುಗಲ್ಲು ಎಬ್ಬಿಸಿ ಹಾರೆ ಹಾಕಿದ. ಮೂರನೆಯ ಏಟಿಗೆ ಹಾರೆ ಅವನ ಕೈ ಬಿಟ್ಟು ಒಳಗೆ ಹೋಯಿತು. ತೊಲೆಗಳನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಹಗ್ಗ ಇಳಿಸಿ ನೋಡಿದರು. ಹತ್ತು ಅಡಿ ಆಳ. ಒಂದನೆಯ ತರಗತಿಗೆಂದು ಇಟ್ಟ ಕೋಣೆಯ ನಡುಮಧ್ಯ.

ಮೌಲಾಸಾಬರು ಹೊಸ್ತಿಲ ಮೇಲೆ ಕೂತು ನಾಲ್ಕನೆಯ ಸಾಲು ಬರೆದರು. ಜಾಗ, ಆಳ, ಅಗಲ. ‘ಹೇಳಿದವರು’ ಅಂಕಣಕ್ಕೆ ಬಂದಾಗ ಕಲ್ಯಾಣಮ್ಮ ಅವರನ್ನೇ ನೋಡುತ್ತಿದ್ದಳು. ಅವರು ‘ಮೆಟ್ಟಿಲಿನ ನಾಲ್ಕನೆಯ ಕಲ್ಲು’ ಎಂದು ಬರೆದು, ಅದನ್ನು ಆಕೆಗೆ ಓದಿ ಹೇಳಿದರು.

ಆದರೆ ಕುಣಿ ತುಂಬುವ ತನಕ ಸಹಿ ಮಾಡಲಿಲ್ಲ. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಆ ನಡುವೆ ರಾಜ್ಯ ಬದಲಾಯಿತು. ಕಡತ ಮುಗಿಯದೆ ಉಳಿದದ್ದಕ್ಕೆ ಮೌಲಾಸಾಬರು ಲಿಖಿತ ಜವಾಬು ಕೊಟ್ಟರು. ನವೆಂಬರ್ ಹತ್ತೊಂಬತ್ತರ ಸೋಮವಾರ ಶಾಲೆ ತೆರೆಯಿತು.