ಬ್ಯಾಡ್ಜಿನೊಳಗಿನ ಮುಖ

ನನ್ನ ಸೀರೆಗಳ ಎಡಹೆಗಲನ್ನು ನೀವೊಮ್ಮೆ ನೋಡಬೇಕು. ಪಿನ್ನಿನ ತೂತಿಲ್ಲದ ಒಂದೇ ಒಂದು ಸೀರೆ ಈಗ ನನ್ನ ಕಪಾಟಿನಲ್ಲಿ ಉಳಿದಿಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದಷ್ಟೂ ಕಾಲ ಸೀಮೆಸುಣ್ಣದ ಪುಡಿಯೊಂದನ್ನು ಬಿಟ್ಟರೆ ಬೇರೆ ಕಲೆ ಕಾಣದೆ ಬಾಳಿದ ಸೀರೆಗಳವು. ನಿವೃತ್ತಿಯಾದ ಮೇಲೆ ಊರವರ ಮಾತಿಗೆ ಕಟ್ಟುಬಿದ್ದು, ತಾಂಬಾದ ಕಡೆಯ ನಮ್ಮ ಊರಿನ ಪಂಚಾಯಿತಿಗೆ ಅಧ್ಯಕ್ಷೆಯಾದ ಎರಡೇ ವರ್ಷಗಳಲ್ಲಿ ಜರಡಿಯಾಗಿಬಿಟ್ಟವು. ಜಯಂತಿ ಬಂದರೆ ಬ್ಯಾಡ್ಜು, ಪುಣ್ಯತಿಥಿ ಬಂದರೆ ಕಪ್ಪು ಪಟ್ಟಿ, ಎಲ್ಲೋ ಏನೋ ಆದರೆ ಇನ್ನೊಂದು ಬಣ್ಣದ ರಿಬ್ಬನ್ನು. ಚುಚ್ಚಿಸಿಕೊಳ್ಳುವುದೇ ಅಧ್ಯಕ್ಷರ ಮೊದಲ ಕರ್ತವ್ಯ, ನಳದ ನೀರು ಬೀದಿದೀಪ ಎಲ್ಲ ಆಮೇಲೆ.

ಇದನ್ನೆಲ್ಲ ಹಲ್ಲುಕಚ್ಚಿ ಸಹಿಸಿದ್ದೆ. ಸಿಟ್ಟು ನೆತ್ತಿಗೇರಿದ್ದು ಈ ವರ್ಷ, ಮಲ್ಲೇಶಿಯ ವಿಷಯದಲ್ಲಿ. ಮಲ್ಲೇಶಿ ನಮ್ಮೂರ ಹುಡುಗ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ನನ್ನ ಕೈಯಲ್ಲೇ ಓದಿದವನು, ಮೀಸೆ ಮೂಡುವ ವಯಸ್ಸಿಗೆ ಸೈನ್ಯ ಸೇರಿದವನು, ಗಡಿಯ ಹಿಮದಲ್ಲಿ ತೀರಿಕೊಂಡವನು. ಅವನ ಪುಣ್ಯತಿಥಿಗೆಂದು ಊರ ತರುಣರ ಸಮಿತಿ ಇಂಡಿ ಪೇಟೆಯಲ್ಲಿ ಬ್ಯಾಡ್ಜು ಮಾಡಿಸುತ್ತದೆ: ಟೋಪಿ ಮೀಸೆಗಳ ಸೈನಿಕನ ಹೆಬ್ಬೆರಳಿನುಗುರಿನಷ್ಟು ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ಕಪ್ಪು ರಿಬ್ಬನ್ನು. ಮೊದಲು ಒಂದು ದಿನ ಹಾಕಿಕೊಂಡರೆ ಸಾಕಿತ್ತು, ಈಗ ಕೊನೆಯ ದಿನದ ವೇದಿಕೆ ಕಾರ್ಯಕ್ರಮದವರೆಗೆ ಎಂಟು ದಿನ ಹಾಕಿಕೊಳ್ಳಬೇಕು. ಎರಡು ವರ್ಷ ನಾನೂ ಹಾಕಿಕೊಂಡೆ. ಈ ಸಲ ಮೂರನೆಯ ದಿನ, ಒಡೆದ ಪೈಪು ನೋಡಲು ಅವಸರದಲ್ಲಿ ಹೋದಾಗ ಹೆಗಲು ಬರಿದಾಗಿತ್ತು. ಸಂಜೆಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಗಲಿಗೆ ಕೆಂಪು ಸುತ್ತು ಹಾಕಿದ ಚಿತ್ರ, ಅದರಡಿ ಒಂದು ಪ್ರಶ್ನೆ: ಅಧ್ಯಕ್ಷರಿಗೆ ಹುತಾತ್ಮರ ನೆನಪು ಭಾರವಾಯಿತೆ? ಪೈಪು ಸರಿಹೋಯಿತೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಮರುದಿನ ಸಮಿತಿಯ ಶಿವಾನಂದ ಮನೆಗೇ ಬಂದ.

“ಅಕ್ಕೋರ, ನೀವ ಹಾಕ್ಕೊಳ್ಳಲಿಲ್ಲಂದ್ರ ಮಂದಿ ಏನಂತಾರ್ರಿ? ಕಾರ್ಯಕ್ರಮಕ್ಕ ಹಿಂಗ ಬಂದ್ರ ನಿಮ್ಮನ್ನ ವೇದಿಕಿ ಮ್ಯಾಲ ಹೆಂಗ ಕುಂದ್ರಸೂದ್ರಿ?”

“ನೆನಪಿಲ್ಲದವರು ಹಾಕ್ಕೋಬೇಕಪಾ. ಅವಗ ಅ ಆ ತಿದ್ದಿಸಿದಾಕಿ ನಾನು. ಅವನ ಮಾರಿ ನನ್ನ ಕಣ್ಣಾಗ ಐತಿ,” ಎಂದೆ.

ಎಂಥ ಒಳ್ಳೆಯ ಮಾತಾಡಿದೆ ಎಂದು ಎರಡು ದಿನ ಬೀಗಿದೆ, ಸುಳ್ಳೇಕೆ ಹೇಳಲಿ. ನೀವೇ ಯೋಚಿಸಿ: ತಾನಾಗಿ ತೊಟ್ಟ ಗುರುತು ತೊಟ್ಟವನ ಮನಸ್ಸನ್ನು ಹೇಳುತ್ತದೆ, ಎಲ್ಲರೂ ತೊಡಲೇಬೇಕೆಂದು ಹಟ ಹಿಡಿದ ಮೇಲೆ ಅದು ಏನನ್ನೂ ಹೇಳುವುದಿಲ್ಲ, ತೊಡದವನನ್ನು ಹಿಡಿದುಕೊಡುತ್ತದೆ ಅಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲ ಹೋಯಿತು; ನಮ್ಮ ಪಂಚಾಯಿತಿ ಸದಸ್ಯರು ಏನನ್ನೂ ಕದಿಯದೆ, ಮನೆಯಿಂದ ಹೊರಬಿದ್ದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಸತ್ತವರ ನೆನಪಿಗೆ ಬದುಕಿದವರು ಹೀಗೆ ಅಂಜುತ್ತ ತಿರುಗುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಗುಂಪಿನವರು ಏನಾದರೂ ಅಂದುಕೊಳ್ಳಲಿ. ಆದರೆ ಮಲ್ಲೇಶಿಯ ತಾಯಿ ಶಾಂತವ್ವ, ತನ್ನ ಮಗನನ್ನು ಅಕ್ಕೋರು ಮರೆತರು ಎಂದುಕೊಂಡರೆ? ಆ ಒಂದು ಯೋಚನೆ ನನ್ನನ್ನು ಕೂರಗೊಡಲಿಲ್ಲ. ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳ ತೋಟಕ್ಕೆ ಹೋದೆ. ಗಿಡದ ಕೆಳಗೆ ಕುಳಿತು ಲಿಂಬೆಹಣ್ಣು ಆರಿಸುತ್ತಿದ್ದಳು. ಅವಳ ಸೀರೆಗೂ ಯಾರೋ ಬ್ಯಾಡ್ಜು ಚುಚ್ಚಿ ಹೋಗಿದ್ದರು.

“ಶಾಂತವ್ವ, ನಾ ಅದನ್ನ ಹಾಕ್ಕೊಂಡಿಲ್ಲಂತ ಮಲ್ಲೇಶಿನ್ನ ಮರ್ತೇನಿ ಅಂತ ತಿಳೀಬ್ಯಾಡವಾ.”

ಅವಳು ಹಣ್ಣು ಆರಿಸುವುದನ್ನು ನಿಲ್ಲಿಸಲಿಲ್ಲ. “ಇದರಾಗ ಮಲ್ಲೇಶಿ ಎಲ್ಲಿ ಅದಾನ್ರಿ ಅಕ್ಕೋರ?”

ಬಗ್ಗಿ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಟೋಪಿ ಇತ್ತು, ಮೀಸೆ ಇತ್ತು, ಕೆಳಗೆ ಮಲ್ಲೇಶಿಯ ಹೆಸರಿತ್ತು. ಮುಖ ಮಾತ್ರ ಬೇರೆ ಯಾರದೋ. ತರಬೇತಿಯ ದಿನಗಳಲ್ಲಿ ಗೆಳೆಯರೊಂದಿಗೆ ತೆಗೆಸಿಕೊಂಡ ಫೋಟೋ ಒಂದನ್ನು ಸಮಿತಿಯವರು ಒಯ್ದಿದ್ದರಂತೆ. ಅಂಗಡಿಯವನು ಮಗ್ಗುಲಲ್ಲಿ ನಿಂತ ಹುಡುಗನನ್ನು ಕತ್ತರಿಸಿ ಅಚ್ಚು ಹಾಕಿದ್ದ. ಅದೇ ಮುಖ ಪ್ರತಿವರ್ಷ ಬ್ಯಾಡ್ಜಿಗೂ ಹೋಯಿತು, ಶ್ರದ್ಧಾಂಜಲಿ ಕೋರುವವರ ದೊಡ್ಡ ದೊಡ್ಡ ಮುಖಗಳ ನಡುವೆ ಫ್ಲೆಕ್ಸಿನ ಮೂಲೆಗೂ ಹೋಯಿತು.

“ನಿನಗ ಮೊದಲ ಗೊತ್ತಿತ್ತೇನು?”

“ಹೆತ್ತಾಕಿಗೆ ಗೊತ್ತಾಗೂದಿಲ್ಲೇನ್ರಿ. ಹೇಳಬೇಕಂತಿದ್ದೆ. ಅಷ್ಟರಾಗ ನೀವೂ ಹಾಕ್ಕೊಂಡು ಬಂದ್ರಿ. ಕಲಿಸಿದ ಅಕ್ಕೋರಿಗೇ ಗುರ್ತ ಹತ್ತಲಿಲ್ಲಂದ ಮ್ಯಾಲ ಯಾರಿಗಂತ ಹೇಳ್ಲಿ?”

ಅವನ ಮುಖ ನನ್ನ ಕಣ್ಣಲ್ಲಿದೆ ಎಂದು ಬಡಾಯಿ ಕೊಚ್ಚಿದವಳು ನಾನು. ಎರಡು ವರ್ಷ ಅಪರಿಚಿತನೊಬ್ಬನನ್ನು ಹೆಗಲಿಗಂಟಿಸಿಕೊಂಡು ಮಲ್ಲೇಶಿಯ ಗುಣಗಾನ ಮಾಡಿದ್ದೆ. ಊರನ್ನು ಬೈಯಲು ಕೂಡಿಟ್ಟಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಿತ್ತು, ನಾಚಿಕೆಯಿಂದ ಕುಗ್ಗಿಹೋದೆ. ಶಾಂತವ್ವ ಎದ್ದು ತೋಟದ ಮನೆಯೊಳಗೆ ಹೋಗಿ, ಮಗನ ನಿಜವಾದ ಫೋಟೋ ತಂದು ನನ್ನ ಕೈಗಿಟ್ಟಳು. “ಈಗರೆ ನೀವ ಹೇಳ್ರಿ,” ಎಂದಳು.

ಹೇಳಿದೆ. ಬರಿ ಹೆಗಲಲ್ಲೇ ವೇದಿಕೆ ಹತ್ತಿದೆ, ಶಿವಾನಂದ ಮುಖ ಗಂಟಿಕ್ಕಿದ. ಮೈಕಿನ ಮುಂದೆ ಫೋಟೋ ಎತ್ತಿಹಿಡಿದು, ಇವನು ಮಲ್ಲೇಶಿ, ನಿಮ್ಮ ಎದೆಯ ಮೇಲಿರುವವನು ಅಲ್ಲ, ಎರಡು ವರ್ಷ ನಾನೂ ನೋಡದೆ ಹಾಕಿಕೊಂಡಿದ್ದೆ ಎಂದೆ. ಸಭೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಎದೆಯನ್ನು ನೋಡಿಕೊಂಡರು.

ಕೊನೆಗೆ ಶಿವಾನಂದನೇ ಸಣ್ಣ ದನಿಯಲ್ಲಿ ಕೇಳಿದ. “ಹಂಗಾರ ಇವ ಯಾರ್ರಿ?”

ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಾಂತವ್ವ ತನ್ನ ಹೆಗಲ ಪಿನ್ನು ಬಿಚ್ಚುತ್ತ ಹೇಳಿದಳು:

“ಯಾರ ಮಗನೋ ಏನೋ. ಎಲ್ಲೋ ಜೀವಂತ ಇದ್ದಾನು. ಮೊದಲ ಆ ಕರಿ ರಿಬ್ಬನ್ ತಗೀರಿ.”