ಅಕ್ಕನ ಕೋಣೆಗೆ ಸಾಲುವ ಲೆನ್ಸು

ದೊಡ್ಡಾಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಸ್ಕೇಲಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಗಾಯ, ಗಡ್ಡೆ, ಸುಟ್ಟ ಚರ್ಮ, ಹೊಲಿಗೆ ಹಾಕಿದ ಹೊಟ್ಟೆ, ಇವುಗಳ ಫೋಟೋ ತೆಗೆದು ದಾಖಲೆಗೆ ಸೇರಿಸುವುದು ಅವನ ಕೆಲಸ. ಹೋದ ವಾರಕ್ಕಿಂತ ಗಾಯ ಎಷ್ಟು ಕುಗ್ಗಿದೆ, ಎಷ್ಟು ಹಿಗ್ಗಿದೆ ಎಂದು ಡಾಕ್ಟರಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಪಕ್ಕದಲ್ಲಿ ಆರಿಂಚಿನ ಬಿಳಿ ಸ್ಕೇಲೊಂದನ್ನು ಇಡುತ್ತಿದ್ದ. ಊಟಕ್ಕೆ ಕೂತಾಗಲೂ ಅದು ಜೇಬಿನಿಂದ ಇಣುಕುತ್ತಿತ್ತು. ಊಟವನ್ನೂ ಅಳೆದೇ ಮಾಡುತ್ತೀಯೇನಪ್ಪಾ ಎಂದು ನರ್ಸುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ, ತಡವಾಗಿ.

ಹೀಗೆ ಮೂವತ್ತೊಂದು ವರ್ಷ. ಈ ಅವಧಿಯಲ್ಲಿ ಅವನು ತೆಗೆದ ಮುಖಗಳು ಬೆರಳೆಣಿಕೆಯಷ್ಟು. ಗಾಯ ಮುಖದಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಮುಖದ ಮೇಲೆ ಬಟ್ಟೆ ಹೊದಿಸಬೇಕೆಂಬುದು ಅಲ್ಲಿನ ನಿಯಮ.

ಮದುವೆ ಅವನಿಗೆ ಕೂಡಿಬರಲಿಲ್ಲ. ಅವನೂ ಬೆನ್ನು ಹತ್ತಲಿಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ಅಕ್ಕ ಹೊಟ್ಟೆಬಟ್ಟೆ ಕಟ್ಟಿ, ಊರವರ ಬಟ್ಟೆ ಹೊಲಿದು ಅವನನ್ನು ಓದಿಸಿದಳು. ಆಮೇಲೆ ಅವಳಿಗೂ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಭಾವ ತೀರಿಕೊಂಡ ವರ್ಷ ಸ್ಕೇಲಪ್ಪ ತನ್ನ ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಯ ಮಹಡಿ ಕೋಣೆಗೆ ಬಂದ. ಆಮೇಲೆ ಅಲ್ಲೇ ಉಳಿದ.

ಅಕ್ಕನಿಗೆ ಎಪ್ಪತ್ತೊಂದಾಗುವ ಹೊತ್ತಿಗೆ ಶ್ವಾಸಕೋಶ ಸೋತುಹೋಗಿತ್ತು. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿಕೊಟ್ಟರು. ಆ ಮಾತಿನ ಅರ್ಥವನ್ನು ಸ್ಕೇಲಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳನ್ನು ಮಲಗಿಸಿದ್ದು ಅವಳ ಹೊಲಿಗೆ ಕೋಣೆಯಲ್ಲೇ. ಒಂಬತ್ತಡಿ ಅಗಲ, ಅಷ್ಟೇ ಉದ್ದ. ಎಡಕ್ಕೆ ಕಿಟಕಿ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅಲ್ಲಿಂದ ಬಲಗೋಡೆಯವರೆಗೂ ತಗ್ಗು ಮಂಚ. ಆಮ್ಲಜನಕದ ಯಂತ್ರಕ್ಕೆ ಕರೆಂಟು ಬಲಗೋಡೆಯಲ್ಲಿ ಮಾತ್ರ ಇದ್ದುದರಿಂದ ತಲೆದಿಂಬೂ ಆ ಕಡೆಗೇ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಹಾಸಿಗೆ ಬಿಟ್ರೆ ಚಾಚೋಕೆ ಬೇರೆ ಜಾಗಾನೇ ಇಲ್ಲ" ಎಂದು ಅಕ್ಕ ಉಸಿರು ಹಿಡಿದು ಹಿಡಿದು ತಮಾಷೆ ಮಾಡಿದಳು.

ಒಂದು ಬೆಳಿಗ್ಗೆ ಅವಳೇ ಕೇಳಿದಳು. ಮಕ್ಕಳಿಬ್ಬರು, ದೊಡ್ಡ ಅಳಿಯ, ಮೊಮ್ಮಗಳು, ತಾನು, ಎಲ್ಲರದೂ ಒಂದು ಫೋಟೋ ಬೇಕು. ಇದೇ ಕೋಣೆಯಲ್ಲಿ, ಈಗ ಹೇಗಿದ್ದಾರೋ ಹಾಗೆ. ಹೊಲಿಗೆ ಯಂತ್ರವೂ ಬರಬೇಕು.

ಕಿರಿಯ ಮಗಳು ಮೊಬೈಲ್ ತೆಗೆದು ಗೋಡೆಗೊರಗಿ ಕ್ಲಿಕ್ಕಿಸಿದಳು. ಎಲ್ಲರೂ ಬಂದರು ನಿಜ. ಆದರೆ ಅಂಚಿನಲ್ಲಿದ್ದ ಅಕ್ಕನ ತಲೆ ಜಗ್ಗಿದ ಹಿಟ್ಟಿನಂತೆ ಓರೆಯಾಗಿ ಉದ್ದವಾಗಿತ್ತು. ಅಕ್ಕ ಅದನ್ನು ತುಸುಹೊತ್ತು ನೋಡಿ, ಮೊಬೈಲನ್ನು ಮಗಳಿಗೆ ಹಿಂದಿರುಗಿಸಿ, ತಮ್ಮನ ಕಡೆ ತಿರುಗಿದಳು.

"ನೀನು ನನ್ನ ತೆಗೆದಿರೋದು ಒಂದೇ ಫೋಟೋ ಕಣೋ. ಅದ್ರಲ್ಲಿ ಮುಖ ಇಲ್ಲ."

ಸ್ಕೇಲಪ್ಪನಿಗೆ ಆ ಫೋಟೋ ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ ಇಸ್ತ್ರಿಪೆಟ್ಟಿಗೆ ಜಾರಿ ಅಕ್ಕನ ಮುಂಗೈ ಸುಟ್ಟಿತ್ತು. ದೊಡ್ಡಾಸ್ಪತ್ರೆಗೇ ಬಂದಿದ್ದಳು, ಅವತ್ತು ಕೆಲಸದ ಮೇಲಿದ್ದವನು ಅವನೇ. ನಿಯಮದಂತೆ ಮುಖಕ್ಕೆ ಬಟ್ಟೆ ಹೊದಿಸಿದ, ಸ್ಕೇಲಿಟ್ಟ, ತೆಗೆದ. ಬಟ್ಟೆಯ ಕೆಳಗೆ ಅವಳು ಅಳುತ್ತಿದ್ದಳೋ ಏನೋ, ಅವನು ಎತ್ತಿ ನೋಡಿರಲಿಲ್ಲ.

ಅವನ ಸ್ವಂತದ್ದೆಂದು ಒಂದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು. ಅದರಲ್ಲಿ ನೋಡುವ ಕಿಂಡಿ ಲೆನ್ಸಿನೊಳಗಿಂದ ಹಾಯುವುದಿಲ್ಲ, ಮೇಲ್ಗಡೆ ಒಂದು ಮೂಲೆಯಲ್ಲಿ ಪ್ರತ್ಯೇಕವಾಗಿರುತ್ತದೆ. ಇದ್ದ ಲೆನ್ಸು ಒಂದೇ, ಐವತ್ತು ಮಿಲಿಮೀಟರಿನದು; ಈ ಅಂಕಿ ಇಳಿದಷ್ಟೂ ಲೆನ್ಸಿನ ನೋಟ ಅಗಲವಾಗುತ್ತದೆ. ಎದುರುಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದರೂ ಅದರಲ್ಲಿ ಮುಕ್ಕಾಲು ಮಂಚವೂ ಹಿಡಿಸಲಿಲ್ಲ. ಅಕ್ಕ ಬಂದರೆ ಯಂತ್ರ ಇಲ್ಲ, ಯಂತ್ರ ಬಂದರೆ ಅಕ್ಕ ಇಲ್ಲ.

ಪೇಟೆಯ ಹಳೇ ಕ್ಯಾಮೆರಾ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಯಜಮಾನ ತೀರಿಕೊಂಡ ಮೇಲೆ ಅವನ ಹೆಂಡತಿಯೇ ನಡೆಸುತ್ತಿದ್ದಳು. ಸ್ಕೇಲಪ್ಪ ಕೋಣೆಯ ಅಳತೆಯನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ. ಆಕೆ ಚೀಟಿ ನೋಡಿದಳು. ಯಾರಿಗೆ, ಯಾಕೆ ಎಂದು ಕೇಳಿ ತಿಳಿದುಕೊಂಡಳು. ಮೂವತ್ತೈದರ ಲೆನ್ಸಿಗೆ ಈ ಕೋಣೆ ಹಿಡಿಸುವುದಿಲ್ಲ, ಒಂದೂವರೆ ಅಡಿಯಾದರೂ ಹೊರಗುಳಿಯುತ್ತದೆ ಎಂದಳು. ಇಪ್ಪತ್ತೊಂದರದು ಧಾರಾಳ, ಆದರೆ ಅದೂ ಮೊಬೈಲಿನ ಹಾಗೆ ಅಂಚಿನ ಮುಖಗಳನ್ನು ಎಳೆಯುತ್ತದೆ, ಕ್ಯಾಮೆರಾದ ನೆತ್ತಿಗೆ ಬೇರೆ ಕಿಂಡಿಯನ್ನೂ ಸಿಕ್ಕಿಸಬೇಕು. ಉಳಿದದ್ದು ಇಪ್ಪತ್ತೆಂಟು. ಅದರಲ್ಲಿ ಅವಳ ಬಳಿ ಎರಡಿದ್ದವು: ಒಂದು ದಪ್ಪನೆಯದು, ಮಬ್ಬಿನಲ್ಲೂ ಬೆಳಕು ಹೀರುವಂಥದು. ಇನ್ನೊಂದು ಪುಟ್ಟದು, ಮುಷ್ಟಿಯೊಳಗೆ ಅಡಗುವಂಥದು. ಬೆಳಕು ಮಾತ್ರ ಅರ್ಧಕ್ಕರ್ಧ ಕಡಿಮೆ.

ಅಕ್ಕನ ಕೋಣೆಯ ಮಬ್ಬು ನೆನೆದು ಅವನು ದಪ್ಪನೆಯದಕ್ಕೇ ಕೈ ಹಾಕಿದ. ಆಕೆ ಅದಕ್ಕೆ ಅದರದೇ ಹುಡ್, ಲೆನ್ಸಿನ ಮೂತಿಗೆ ಬಿಸಿಲುಮರೆಯಂತೆ ಸಿಕ್ಕಿಸುವ ಬಳೆ, ಹಾಕಿ ಕೊಟ್ಟಳು. ಎಡಗಡೆ ಕಿಟಕಿ ಇದೆ ಎಂದ ಮೇಲೆ ಹುಡ್ ಇಲ್ಲದೆ ಆಗದು, ಓರೆಬೆಳಕು ಲೆನ್ಸಿಗೆ ಬಡಿದು ಚಿತ್ರವೆಲ್ಲ ಬೆಳ್ಳಗೆ ತೊಳೆದುಹೋಗುತ್ತದೆ. ಸ್ಕೇಲಪ್ಪ ಅಂಗಡಿಯ ನೆಲದಲ್ಲಿ ಮಂಚದಷ್ಟು ಉದ್ದ ಅಳೆದು ಗುರುತು ಮಾಡಿದ. ಬಲತುದಿಯಲ್ಲಿ ಒಂದು ಗಿಡ್ಡ ಸ್ಟೂಲಿಟ್ಟು, ದಯವಿಟ್ಟು ಸ್ವಲ್ಪ ಕೂತುಕೊಳ್ಳಿ ಎಂದು ಕೇಳಿಕೊಂಡ. ಆಕೆ ಕೂತಳು. ಅವನು ಆರಡಿ ದೂರ ನಿಂತು ಕಿಂಡಿಗೆ ಕಣ್ಣಿಟ್ಟ. ಗೋಡೆ, ಕಪಾಟು, ಮೇಜು, ಎಲ್ಲ ಕಂಡವು. ಬಲಕೆಳಗಿನ ಮೂಲೆಯಲ್ಲಿ ಮಾತ್ರ ಲೆನ್ಸಿನ ಮೂತಿಯೂ ಹುಡ್ಡೂ ಅಡ್ಡ ಬಂದು ಕಪ್ಪಾಗಿತ್ತು.

"ನೀವು ಕಾಣ್ತಾ ಇಲ್ಲಮ್ಮಾ" ಎಂದ.

"ಫೋಟೋದಲ್ಲಿ ಬರ್ತೀನಿ ಸರ್. ನಿಮ್ಮ ಕಣ್ಣಿಗೆ ಮಾತ್ರ ಕಾಣಲ್ಲ."

ಅವನು ಕ್ಯಾಮೆರಾ ಇಳಿಸಿದ. ಆಮೇಲೆ, ಆ ಮೂಲೆಯಲ್ಲಿ ಮಲಗುವುದು ಅಕ್ಕ ಎಂದ. ಅವಳನ್ನು ಕಾಣದೆ ತೆಗೆಯಲಾರೆ ಎಂಬುದು ಆಕೆಗೆ ಅರ್ಥವಾಗಿರಬೇಕು.

"ಚಿಕ್ಕದನ್ನೇ ತಗೊಳ್ಳಿ ಸರ್. ಬೆಳಕು ಬೇಕಂದ್ರೆ ಹೊತ್ತು ನೋಡ್ಕೊಂಡು ತೆಗೀಬಹುದು. ಮೂಲೆ ಕಾಣದಿದ್ರೆ ಯಾವ ಹೊತ್ತಲ್ಲೂ ಕಾಣಲ್ಲ."

ಪುಟ್ಟ ಲೆನ್ಸಿನ ಮೂತಿ ಅಡ್ಡ ಬರಲಿಲ್ಲ, ಹುಡ್ ಹಾಕಿದಾಗ ಮತ್ತೆ ಒಂದಿಷ್ಟು ಮುಚ್ಚಿತು. ಆಕೆ ಗಂಡನ ಹಳೇ ಡಬ್ಬಗಳನ್ನು ಒಂದೊಂದಾಗಿ ತಡಕಿ, ಸುತ್ತಲೂ ಸೀಳು ಬಿಟ್ಟ ಹಿತ್ತಾಳೆ ಹುಡ್ ಒಂದನ್ನು ತೆಗೆದಳು. ಸೀಳುಗಳನ್ನು ಗಂಡನೇ ಅರದಿಂದ ಉಜ್ಜಿ ಮಾಡಿದ್ದನಂತೆ. ಅದನ್ನು ತಿರುಗಿಸಿ ಹಾಕಿದಾಗ ಸೀಳಿನೊಳಗಿಂದ ಸ್ಟೂಲಿನ ಮೇಲೆ ಮತ್ತೆ ಕೂತವಳ ಹಣೆ, ಕಣ್ಣು, ಗಲ್ಲ ಕಂಡವು. ಅದು ಮಾರಾಟಕ್ಕಿಟ್ಟದ್ದಲ್ಲ ಎಂದು ಅವನಿಗೆ ತಿಳಿಯಿತು. ವಾಪಸು ತಂದುಕೊಡುತ್ತೇನೆ ಎಂದ. ಆಕೆ ಬೇಡವೆನ್ನಲಿಲ್ಲ.

ಮೂರು ದಿನ ಅವನು ಕೋಣೆಯ ಬೆಳಕು ಕಾದ. ಹತ್ತೂವರೆಗೆ ಎದುರುಮನೆಯ ಸುಣ್ಣದ ಗೋಡೆಯ ಮೇಲೆ ಬಿಸಿಲು ಬಿದ್ದು, ಅದು ಕಿಟಕಿಯೊಳಕ್ಕೆ ಚೆಲ್ಲುತ್ತಿತ್ತು. ಇಪ್ಪತ್ತು ನಿಮಿಷ, ಅಷ್ಟೇ. ಭಾನುವಾರ ಎಲ್ಲರೂ ಸೇರಿದರು. ಹಿರಿಯ ಮಗಳು ತಾಯಿಯ ತಲೆ ಬಾಚಿದಳು. ಮೂಗಿನ ಕೊಳವೆ ತೆಗೆಯಲೇ ಎಂದು ಕೇಳಿದಾಗ ಅಕ್ಕ ಬೇಡವೆಂದು ಕೈ ಅಲ್ಲಾಡಿಸಿದಳು. ಸ್ಕೇಲಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ.

"ನೀನು ಎಲ್ಲಿ ಬರ್ತೀಯ ಇದ್ರಲ್ಲಿ?" ಎಂದಳು ಅಕ್ಕ.

"ತೆಗೆಯೋನು ನಾನೇ ಅಲ್ವೇನಕ್ಕ."

ಅಕ್ಕ ಎರಡು ಉಸಿರು ಎಳೆದುಕೊಂಡಳು. "ಸರಿ. ನಾನು ನಿನ್ನೇ ನೋಡ್ತಿರ್ತೀನಿ ಬಿಡು."

ಅವನ ಬಲಗಣ್ಣು ಕಿಂಡಿಯಲ್ಲಿತ್ತು. ಅಂಥ ಕ್ಯಾಮೆರಾದಲ್ಲಿ ಎಡಗಣ್ಣಿಗೆ ಏನೂ ಅಡ್ಡ ಬರುವುದಿಲ್ಲ, ತೆರೆದೇ ಇರುತ್ತದೆ. ಉಳಿದವರೆಲ್ಲ ಲೆನ್ಸು ನೋಡಿದರು. ಅಕ್ಕ ಆ ಎಡಗಣ್ಣನ್ನು ನೋಡಿದಳು. ಅದು ನೀರು ತುಂಬಿಕೊಂಡಿದ್ದರೂ ಅವನು ಮುಚ್ಚಲಿಲ್ಲ. ಹನ್ನೊಂದು ಸಲ ಒತ್ತಿದ. ಅಷ್ಟರಲ್ಲಿ ಎದುರುಗೋಡೆಯ ಬಿಸಿಲು ಜಾರಿತು.

ಅಂಗಡಿಯಾಕೆಯೇ ಫಿಲ್ಮು ತೊಳೆದು, ನಾಲ್ಕನೇ ದಿನ ದೊಡ್ಡದೊಂದು ಪ್ರಿಂಟು ಹಾಕಿಕೊಟ್ಟಳು. ಅಕ್ಕ ಕನ್ನಡಕ ಕೇಳಿ ಹಾಕಿಸಿಕೊಂಡು, ಒಬ್ಬೊಬ್ಬರ ಮೇಲೂ ಬೆರಳಾಡಿಸಿ ನೋಡಿದಳು. ಯಂತ್ರದ ಮೇಲೂ ಆಡಿಸಿದಳು. ಆಮೇಲೆ ನಿಧಾನವಾಗಿ, "ಇಷ್ಟಗಲದ ರೂಮಲ್ಲಿ ಇಷ್ಟು ಜನ ಬದುಕಿದ್ವಲ್ಲೋ" ಎಂದಳು. ಆ ಪ್ರಿಂಟು ಅವಳ ದಿಂಬಿನ ಪಕ್ಕದಲ್ಲೇ ಇತ್ತು. ಒಂಬತ್ತನೇ ದಿನ ಬೆಳಿಗ್ಗೆ ಹಿರಿಯ ಮಗಳು ಎಬ್ಬಿಸಲು ಹೋದಾಗ ಅಕ್ಕ ಏಳಲಿಲ್ಲ.

ತಿಂಗಳಾದ ಮೇಲೆ ಆ ಮಗಳು ಮಹಡಿ ಹತ್ತಿ ಬಂದಳು. ಅಮ್ಮನ ಮುಖವೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡಿ ಮಾಮ, ಗೋಡೆಗೆ ಹಾಕಬೇಕು ಎಂದಳು. ಸ್ಕೇಲಪ್ಪ ಯಾರ ಮಾತಿಗೂ ಇಲ್ಲವೆಂದವನಲ್ಲ.

"ಕತ್ತರಿಸೋದು ಬೇಡ ಕಣಮ್ಮಾ" ಎಂದ. "ಹಾಗೇ ಹಾಕು."

ಅವಳು ಚರ್ಚೆ ಮಾಡದೆ ಪೂರ್ತಿ ಚಿತ್ರಕ್ಕೇ ಕಟ್ಟು ಹಾಕಿಸಿದಳು.

ಹುಡ್ ವಾಪಸು ಕೊಡಲು ಹೋದಾಗ ಅಂಗಡಿಯಾಕೆ ತೆಗೆದುಕೊಳ್ಳಲಿಲ್ಲ. ನಿಮ್ಮ ಹತ್ತಿರವೇ ಇರಲಿ, ಇಲ್ಲಿದ್ದರೆ ಡಬ್ಬದಲ್ಲಿರುತ್ತದೆ ಎಂದಳು. ಅಕ್ಕನ ಫೋಟೋದ ಸುದ್ದಿ ಹೇಗೋ ದೊಡ್ಡಾಸ್ಪತ್ರೆಯ ನರ್ಸುಗಳಿಗೆ ಮುಟ್ಟಿತು. ಮನೆಗೆ ಕಳಿಸಿಬಿಟ್ಟ ರೋಗಿಗಳ ಕಡೆಯವರಿಗೆ ಅವರು ಸ್ಕೇಲಪ್ಪನ ನಂಬರು ಕೊಡತೊಡಗಿದರು. ತಿಂಗಳಿಗೆ ಎರಡೋ ಮೂರೋ ಕರೆ ಬರುತ್ತವೆ. ಅವನು ಹಿಂದಿನ ದಿನವೇ ಹೋಗಿ, ಬೆಳಕು ಯಾವಾಗ ಬರುತ್ತದೆ ಎಂದು ಮನೆಯವರನ್ನು ಕೇಳಿ ಬರುತ್ತಾನೆ. ಅವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಮಲಗಿದವರಿಗೆ ಗೊತ್ತಿರುತ್ತದೆ. ಎಲ್ಲರೂ ಪ್ರಿಂಟು ತೆಗೆದುಕೊಳ್ಳಲು ಬರುತ್ತಾರೆಂದಿಲ್ಲ. ಹಾಗೆ ಉಳಿದ ಆರು ಲಕೋಟೆಗಳು ಅವನ ಬೀರುವಿನಲ್ಲಿವೆ. ಅವುಗಳಲ್ಲೊಂದನ್ನು ಕೊಟ್ಟುಬರೋಣವೆಂದು ಮೊನ್ನೆ ಹೋಗಿದ್ದ. ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದರು.